ಕಚ್ಚಾ ಹೊಲಿಗೆ

ಹಗಲಲ್ಲಿ ಅದರ ಕಣ್ಣು ಕಾಜ,
ಇರುಳಾದರೆ ಗುಂಡಿ.
ಅದಕ್ಕೇ ಗುಂಡಿ ಅಂತ ಹೆಸರಿಟ್ಟೆ.
ಬಳ್ಳಾರಿ ಕೌಲ್ ಬಜಾರಿನಲ್ಲಿ
ಜೀನ್ಸ್ ಹೊಲಿಯುವವಳ ಬೆಕ್ಕಿಗೆ
ಇನ್ನೇನು ಹೆಸರು ಬಂದೀತು?

ಬಿಳಿ ಬೆಕ್ಕು. ಅದಿರಿನ ಲಾರಿ ನಿಲ್ಲುವ ಕಡೆ
ಮಲಗೆದ್ದು ಬಂದ ದಿನ ಮಾತ್ರ ಕೆಂಪು.
ಮೂರು ದಿನ ಮನೆಗೆ ಬರದಿದ್ದಾಗ
"ಬಿಳಿ ಬೆಕ್ಕು ಕಂಡಿರೇನ್ರೀ" ಅಂತ ಓಣಿ ಓಣಿ ಕೇಳಿದೆ.
ಕಂಡವರೆಲ್ಲ ಕಂಡದ್ದು ಕೆಂಪು ಬೆಕ್ಕು.

ನಾಲ್ಕನೇ ದಿನ ತಾನೇ ಬಂತು,
ಮೈಯಲ್ಲಿ ಯಾರದೋ ಮನೆಯ ಒಗ್ಗರಣೆ ವಾಸನೆ.

ಓವರ್‌ಲಾಕ್ ಮಿಷನ್ನಿನ ಸದ್ದಿನ ಮೇಲೆ ಹುಲಿಗೆಮ್ಮ ಕೂಗಿದಳು:
"ಕೊಳ್ಳಾಗೊಂದು ಪಟ್ಟಿ ಹಾಕು, ನಂಬರ್ ಬರಿ.
ಓದಾಕ ಬರೋರು ಯಾರಾರ ಫೋನ್ ಮಾಡ್ತಾರ."

ದನದ ದವಾಖಾನೆಯ ತಿಪ್ಪೇರುದ್ರ ಡಾಕ್ಟರ್ ಬೇರೆ ಹೇಳಿದರು:
"ಪಟ್ಟಿ ಕಳಚತದಮ್ಮ. ಚಿಪ್ ಹಾಕಿಸು.
ಭುಜಗಳ ನಡುವೆ, ಚರ್ಮದ ಕೆಳಗೆ,
ಒಂದು ಅಕ್ಕಿಕಾಳಷ್ಟು. ಹದಿನೈದು ಅಂಕಿ."
ಯಾವ ಅಕ್ಕಿ ಸಾರ್, ಎಂದೆ.
ನಕ್ಕರು. "ಸೋನಾಮಸೂರಿಗಿಂತ ಒಂಚೂರು ದಪ್ಪ."
ಅದನ್ನು ಓದುವ ಮಿಷನ್ನು?
"ಇಲ್ಲಿಲ್ಲ. ಊರಾಗೆ ಒಬ್ಬರ ಹತ್ರ ಐತೆ."

ಅಜ್ಜಿ ಈರಮ್ಮನ ಮುಂಗೈಯಲ್ಲಿ ಹಚ್ಚೆ ಇತ್ತು:
ಒಂದು ಚೇಳು, ಸುತ್ತ ಒಂಬತ್ತು ಚುಕ್ಕಿ.
ಗಂಡ ಸತ್ತ ದಿನ ಕೊರಳಿನದೆಲ್ಲ ತೆಗೆದರು.
ಚೇಳು ಹಾಗೇ ಉಳಿಯಿತು,
ಅವಳ ಜೊತೆ ತಾನೂ ಸುಕ್ಕಾಗುತ್ತ.

ಪಟ್ಟಿಯ ಮೇಲೆ ನನಗೆ ನಂಬಿಕೆ ಕಮ್ಮಿ.
ಹದಿನೆಂಟು ವರ್ಷದಿಂದ ಹೊಲಿಯುವುದು ಪಟ್ಟಿಗಳನ್ನೇ,
ಸೊಂಟದ ಹಿಂದೆ, ಬಲಕ್ಕೆ, ನಾಲ್ಕು ಮೂಲೆ.
ನಾನು ಓದಲಾರದ ಹೆಸರು, ನೋಡಿರದ ಊರು.
ಪ್ಯಾಂಟಿಗೆ ಗೊತ್ತು ತಾನು ಕೌಲ್ ಬಜಾರಿನದೆಂದು.
ಬಾಯಿ ಬಿಡುವುದಿಲ್ಲ.

ಇದಕ್ಕಿಂತ ಮೊದಲು ಒಂದು ಬೆಕ್ಕಿತ್ತು. ಹೆಸರು ಬೇಡ.
ನಾನೇ ಮಾಡಿದ ಪಟ್ಟಿ, ನೈಲಾನ್ ದಾರ, ಡಬಲ್ ಹೊಲಿಗೆ,
ಮಾಳಿಗೆ ಮೇಲೆ ಅರ್ಧ ಕಟ್ಟಿದ ಕಂಬದ
ಕಬ್ಬಿಣಕ್ಕೆ ಸಿಕ್ಕಿತು.
ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.
ಅಷ್ಟು ಚೆನ್ನಾಗಿ ಹೊಲಿದಿದ್ದೆ.

ಆದಿತ್ಯವಾರ ರಾತ್ರಿ, ಹೋದ ಕರೆಂಟು ಬಂದ ಮೇಲೆ,
ಸೊಂಟಪಟ್ಟಿಯ ಚಿಂದಿಯೊಂದನ್ನು ಆರಿಸಿ
ನೀಲಿಯ ಮೇಲೆ ಹಳದಿ ದಾರದಲ್ಲಿ ಹತ್ತು ಅಂಕಿ ಕೂಡಿಸಿದೆ.
ಎರಡು ತುದಿ ಸೇರುವಲ್ಲಿ ಕಚ್ಚಾ ಹೊಲಿಗೆ:
ಒಂಟಿ ಎಳೆ, ದೂರ ದೂರ, ಗಂಟಿಲ್ಲ.
ಬೆಕ್ಕು ಕೆರೆದರೆ ಬಿಡಬಾರದು,
ಬೆಕ್ಕು ತೂಗಿದರೆ ಬಿಡಬೇಕು.
ಮೂರು ಸಲ ಬಿಚ್ಚಿ ಹೊಲಿದು
ಕೊನೆಗೆ ನೀರು ತುಂಬಿದ ಕ್ಯಾನು ನೇತುಹಾಕಿದೆ.
ದೊಪ್ಪನೆ ಬಿತ್ತು. ಮನೆಯೆಲ್ಲ ನೀರು.
ಹರಿದ ಹೊಲಿಗೆಗೆ ಕೂಲಿ ಮುರಿಸಿಕೊಂಡವಳು ನಾನು,
ಹರಿಯಲೆಂದೇ ಹೊಲಿದದ್ದು ಇದೇ ಮೊದಲು.

ಮೂರನೇ ದಿನ ಬರಿಗೊರಳಲ್ಲಿ ಬಂತು.
ಸಂಜೆಗೆ ಹಿಂದಿನ ಓಣಿಯ ಮಾಬುನ್ನಿ,
ಕೈಯಲ್ಲಿ ನೀಲಿ ಪಟ್ಟಿ:
"ಕೌದಿ ಒಣಗಿಸೋ ತಂತಿಗೆ ಸಿಕ್ಕಿತ್ತು. ನಮ್ಮ ಮಲಾಯಿದು.
ಇದರಾಗ ಯಾರ ನಂಬರಪ್ಪಾ ಅಂತ ಮಾಡಿದ್ರೆ, ನೀನು ಎತ್ತಿದಿ."

ಗುಂಡಿಯನ್ನು ನಾನು ನೋಡಿದೆ,
ಮಲಾಯಿಯನ್ನು ಅವಳು ನೋಡಿದಳು.
ಅದು ಯಾರನ್ನೂ ನೋಡದೆ ಮುಂಗಾಲು ನೆಕ್ಕಿತು.

"ಬಟವಾಡೆ ಆದಮೇಲೆ ಚಿಪ್ ಹಾಕಿಸ್ತೀನಿ" ಎಂದೆ.
"ಯಾರ ನಂಬರಿಗೆ?" ಎಂದಳು.

ಚಾ ಇಟ್ಟೆ.
ಅವಳು ಕುಡಿದು ಹೋದಮೇಲೆ
ಹರಿದ ಪಟ್ಟಿ ಮೊಣಕಾಲ ಮೇಲಿತ್ತು, ಬೆಕ್ಕು ಮಡಿಲಲ್ಲಿ.
ಭುಜಗಳ ನಡುವೆ ಬೆರಳಾಡಿಸಿದೆ,
ಮೊರದಲ್ಲಿ ಕಲ್ಲು ಹುಡುಕುವ ಹಾಗೆ,
ಇನ್ನೂ ಅಲ್ಲಿಲ್ಲದ ಅಕ್ಕಿಕಾಳಿಗಾಗಿ.